ಮೂಲೆ ಕತ್ತರಿಸಿದ ಕಾರ್ಡು

ಆಳಂದದ ನಮ್ಮ ಮನೆಯ ಪಡಸಾಲೆಯಲ್ಲಿ ಕಿಟಕಿಗೆ ಹತ್ತಿಕೊಂಡು ನನ್ನದೊಂದು ಮೇಜು ಇತ್ತು. ಮೇಜಿನ ಮೇಲೆ ಒಂದು ಸಣ್ಣ ಮಷೀನು: ಎರಡು ರೋಲರು, ಪಕ್ಕಕ್ಕೊಂದು ಹಿಡಿಕೆ. ಹೊಸದಾಗಿ ನೋಡಿದವರೆಲ್ಲ ಕೇಳುತ್ತಿದ್ದುದು ಒಂದೇ, "ಶಾವಗಿ ಹಾಕ್ತೀರೇನ್ರಿ?" ಮೊದಮೊದಲು ನಕ್ಕು ಸುಮ್ಮನಾಗುತ್ತಿದ್ದೆ. ಆಮೇಲೆ ಬೇಸರ ಬಂದು "ಹೌದ್ರಿ, ಹಿಟ್ಟು ನಾದ್ಕೊಂಡು ಬರ್ರಿ" ಎನ್ನತೊಡಗಿದೆ. ಓಣಿಯ ಒಬ್ಬ ಅಜ್ಜಿ ನಿಜವಾಗಿಯೂ ನಾದಿಕೊಂಡು ಬಂದಳು. ಬರಿ ಕಾಗದ ಕತ್ತರಿಸುವ ಮಷೀನು ಎಂದು ತಿಳಿಸಿ ಹೇಳಿದಾಗ ಆಕೆ ನನ್ನನ್ನೂ ಮಷೀನನ್ನೂ ಸರಿಸಮವಾಗಿ ನೋಡಿ, "ಯಾವುದಕ್ಕೂ ಉಪಯೋಗ ಇಲ್ಲನ್ನು" ಎಂದು ಹಿಟ್ಟಿನ ತಟ್ಟೆ ಎತ್ತಿಕೊಂಡು ಹೋದಳು.

ಕೆಲಸ ಕಷ್ಟದ್ದಲ್ಲ, ಕೈ ನಡುಗಬಾರದು ಅಷ್ಟೆ. ತೆಳ್ಳಗಿನ ಉಕ್ಕಿನ ಅಚ್ಚು ಇರುತ್ತದೆ, ಅದಕ್ಕೆ ಡೈ ಎನ್ನುತ್ತಾರೆ. ದಪ್ಪ ಕಾಗದದ ಮೇಲೆ ಅದನ್ನು ಬೋರಲು ಇಟ್ಟು, ಎರಡು ಪ್ಲಾಸ್ಟಿಕ್ ಹಲಗೆಗಳ ನಡುವೆ ಸೇರಿಸಿ, ಹಿಡಿಕೆ ತಿರುಗಿಸಿದರೆ ರೋಲರಿನ ನಡುವಿನಿಂದ ಕಟಕಟ ಎಂದು ಹೊರಗೆ ಬರುತ್ತದೆ. ಹಲಗೆ ತೆಗೆದರೆ ಹೂವು, ಎಲೆ, ನವಿಲು, ತೊಟ್ಟಿಲು, ಯಾವ ಡೈ ಇಟ್ಟಿದ್ದೆನೋ ಅದರ ಆಕಾರ ಕಾಗದದಿಂದ ಬಿಟ್ಟುಕೊಂಡಿರುತ್ತದೆ. ಸ್ಟ್ಯಾಂಪುಗಳು ಬೇರೆ. ಅವ್ವ ಅವಕ್ಕೆ ಶಿಕ್ಕಾ ಎನ್ನುತ್ತಿದ್ದಳು, ಕಚೇರಿಯಲ್ಲಿ ಹೊಡೆಯುವ ಶಿಕ್ಕಾದ ಹಾಗೆ. ಹಸಿ ಶಾಯಿಯ ಮೇಲೆ ಬಂಗಾರ ಬಣ್ಣದ ಪುಡಿ ಉದುರಿಸಿ, ಬಿಸಿಗಾಳಿ ಹಿಡಿದರೆ ಪುಡಿ ಕರಗಿ ಅಕ್ಷರಗಳು ಉಬ್ಬಿ ನಿಲ್ಲುತ್ತವೆ. ಅವ್ವನಿಗೆ ಆ ಒಂದು ಗಳಿಗೆ ಬಹಳ ಇಷ್ಟ. ಒಲೆ ಬಿಟ್ಟು ಬಂದು ನೋಡುತ್ತಿದ್ದಳು.

ಮುಂಜಾನೆ ಒಂದು ಖಾಸಗಿ ಶಾಲೆಯಲ್ಲಿ ಕ್ರಾಫ್ಟ್ ಕಲಿಸುತ್ತಿದ್ದೆ, ಮಧ್ಯಾಹ್ನದ ಮೇಲೆ ಕಾರ್ಡು. ನಮ್ಮ ಗಲ್ಲಿಯ ಟೇಲರ್ ಖಾಲಾನ ಮನೆಗೆ ಈದ್ ಕಾರ್ಡು, ಶಾಲೆಯ ಮಾಸ್ತರರಿಗೆ ನಿವೃತ್ತಿಯ ಕಾರ್ಡು, ಹುಟ್ಟುಹಬ್ಬ, ಮದುವೆ, ಗೃಹಪ್ರವೇಶ. ನನಗೆ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವವರಿಗೆ ನನ್ನ ಹತ್ತಿರ ಬೇರೆ ಬೇರೆ ಉತ್ತರಗಳಿದ್ದವು, ಕೇಳುವವರ ಮುಖ ನೋಡಿ ಕೊಡುತ್ತಿದ್ದೆ. ಅಪ್ಪ ತೀರಿಕೊಂಡಾಗ ತಂಗಿ ಇನ್ನೂ ಲಂಗ ತೊಡುವ ಹುಡುಗಿ. ಅವಳಿಗೆ ಜಡೆ ಹಾಕಿದ್ದು, ಶಾಲೆಗೆ ಬಿಟ್ಟದ್ದು, ಕೊನೆಗೆ ಅಫಜಲಪುರ ತಾಲೂಕಿನ ಅತನೂರಿಗೆ ಕೊಟ್ಟು ಮದುವೆ ಮಾಡಿದ್ದು, ಎಲ್ಲ ನಾನು ಮತ್ತು ಅವ್ವ. ಮದುವೆಯಲ್ಲಿ ಸಿಕ್ಕವರೆಲ್ಲ "ದೊಡ್ಡಾಕಿ ಇರೂವಾಗ ಸಣ್ಣಾಕಿಗಿ ಮಾಡಿದ್ರಲ್ರಿ" ಎಂದು ಅವ್ವನ ಕಿವಿ ಕಚ್ಚಿದರು. ನನಗೆ ಕೇಳಿಸುವಷ್ಟು ಮೆಲ್ಲಗೆ.

ತಂಗಿ ಬಸುರಾದಾಗ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಮಾತು: ಬಾಣಂತನಕ್ಕೆ ಯಾವಾಗ ಕರಕೊಂಡು ಬರುವುದು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅದರಲ್ಲಿ ವಾದವಿಲ್ಲ. ಏಳನೆಯ ತಿಂಗಳಲ್ಲಿ ನಾವು ಕುಬಸ ಮಾಡುವುದು, ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬಿ, ಹಾಗೆಯೇ ಮನೆಯಲ್ಲಿ ಉಳಿಸಿಕೊಳ್ಳುವುದು. ಆದರೆ ಅವಳ ಅತ್ತೆಗೆ ಕಳಿಸುವ ಮನಸ್ಸಿರಲಿಲ್ಲ. ಹೊಲದಲ್ಲಿ ತೊಗರಿ ಬಂದಿತ್ತು, ಕೊಯ್ಯುವ ಆಳುಗಳಿಗೆ ದಿನಾ ರೊಟ್ಟಿ ಬಡಿಯುವವರು ಬೇಕಿತ್ತು. ಹಾಗೆಂದು ಬಾಯಿಬಿಟ್ಟು ಹೇಳಲು ಬರುವುದಿಲ್ಲವಲ್ಲ. ಬಸುರಿ ಸೊಸೆಯನ್ನು ತವರಿಗೆ ಕಳಿಸದವರಿಗೆ ಊರು ಉಗುಳುತ್ತದೆ. ಅದಕ್ಕೆ ಆಕೆ ಪ್ರತಿ ಸಲ ಫೋನಿನಲ್ಲಿ "ಬರ್ರಿ, ಕರಕೊಂಡ್ ಹೋಗ್ರಿ, ನಾವೇನ್ ಬ್ಯಾಡ ಅಂತೇವೇನ್ರಿ?" ಎಂದು ಜೇನು ಸುರಿಸಿ, ದಿನ ಮಾತ್ರ ಮುಂದಕ್ಕೆ ಹಾಕುತ್ತಿದ್ದಳು. ಆಕೆಗೆ ಒಂದು ನೆಪ ಬೇಕಾಗಿತ್ತು. ಆ ನೆಪವನ್ನು ನಾನೇ ಬಂಗಾರದ ಪುಡಿ ಹಚ್ಚಿ ಮಾಡಿಕೊಂಡು ಒಯ್ದೆ.

ಕುಬಸಕ್ಕೆ ಬೀಗರಿಗೆ ಕರೆ ಕೊಡಲು ಕೈಯಲ್ಲಿ ಕಾರ್ಡು ಒಯ್ಯಬೇಕು, ಜೊತೆಗೆ ಖಣ, ಒಣಕೊಬ್ಬರಿ. ಪ್ರೆಸ್ಸಿನ ಕಾರ್ಡು ಯಾಕೆ, ಮನೆಯಲ್ಲಿ ನಾನಿರುವಾಗ? ಹಸಿರು ಕಾಗದದ ಮೇಲೆ ಬಿಳಿಯ ತೊಟ್ಟಿಲು ಕತ್ತರಿಸಿ ಅಂಟಿಸಿದೆ. ತೊಟ್ಟಿಲಿನ ಹಗ್ಗಕ್ಕೆ ನಿಜವಾದ ರೇಷ್ಮೆ ದಾರ. ಸುತ್ತ ಸಣ್ಣ ಸಣ್ಣ ಮಾವಿನೆಲೆಯ ಸ್ಟ್ಯಾಂಪು, ಬಂಗಾರದ ಅಕ್ಷರ. ಆ ವಾರವೇ ಹೊಸದೊಂದು ಡೈ ಬಂದಿತ್ತು. ಕಾರ್ಡಿನ ಮೂಲೆಗಿಟ್ಟು ತಿರುಗಿಸಿದರೆ ಮೂಲೆ ಒಳಕ್ಕೆ ಕಮಾನಿನ ಹಾಗೆ ಬಾಗಿ ಕತ್ತರಿಸಿಕೊಂಡು ಬರುತ್ತಿತ್ತು. ನಾಲ್ಕೂ ಮೂಲೆಗೆ ಅದನ್ನು ಹೊಡೆದೆ. ಅಷ್ಟು ಚೆಂದದ ಕಾರ್ಡು ಅದಕ್ಕೆ ಮೊದಲು ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ.

ಅವ್ವ ಅರಿಶಿನ ಕುಂಕುಮದ ಬಟ್ಟಲು ಹಿಡಿದುಕೊಂಡು ಬಂದು ಒಂದು ಗಳಿಗೆ ನಿಂತಳು. ಶುಭದ ಕಾಗದಕ್ಕೆ ಮೂಲೆಗಳಲ್ಲಿ ಅರಿಶಿನ ಹಚ್ಚುವುದು ಪದ್ಧತಿ.

"ಮೂಲೀನ ಇಲ್ಲಲ್ಲ ಬೇ, ಎಲ್ಲಿ ಹಚ್ಚಲಿ?"

"ನಡಕ ಹಚ್ಚವ್ವಾ, ತೊಟ್ಟಿಲ ಮ್ಯಾಗ."

ಇಬ್ಬರೂ ನಕ್ಕೆವು. ಅವ್ವ ತೊಟ್ಟಿಲಿನ ಮೇಲೆ ಒಂದು ಬೊಟ್ಟು ಇಟ್ಟಳು. ಅಷ್ಟು ವಯಸ್ಸಾದ ಅವ್ವನಿಗೂ ಆಗ ಬೇರೇನೂ ಹೊಳೆಯಲಿಲ್ಲ. ಬಂಗಾರ ನೋಡುತ್ತಿದ್ದಳು, ಮೂಲೆಯನ್ನಲ್ಲ.

ಅತನೂರಿನ ಮನೆಯಲ್ಲಿ ನಮ್ಮನ್ನು ಕೂಡಿಸಿ, ಚಹಾ ಕೊಟ್ಟು, ಬೀಗತಿ ಕಾರ್ಡನ್ನು ಕೈಗೆ ತಗೊಂಡಳು. ಚಷ್ಮಾ ಹಾಕಿಕೊಂಡಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು. ಹೆಬ್ಬೆರಳಿನಿಂದ ಒಂದು ಮೂಲೆ ಸವರಿದಳು, ಎರಡನೆಯದು ಸವರಿದಳು. ಮುಖದ ಮೇಲೆ ಮೆಲ್ಲಗೆ ಒಂದು ಕಳೆ ಬಂತು. ಅದು ಹೆದರಿಕೆ ಆಗಿರಲಿಲ್ಲ ಎಂದು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಕಳೆದುಹೋದ ಕೀಲಿಕೈ ಸಿಕ್ಕವರ ಮುಖ ಹಾಗಿರುತ್ತದೆ. ಕಾರ್ಡನ್ನು ನೆಲದ ಮೇಲೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದಳು.

"ಮೂಲಿ ಹರದ ಕಾಗದ ತಂದೀರಲ್ರಿ!"

ಅವ್ವನ ಕೈಯಲ್ಲಿದ್ದ ಚಹಾದ ಬಸಿ ಅಲ್ಲೇ ನಿಂತಿತು. ಅವಳಿಗೆ ಆಗ ತಿಳಿಯಿತು. ನನಗೆ ತಿಳಿಯಲು ಇನ್ನೊಂದು ಗಳಿಗೆ ಬೇಕಾಯಿತು, ಯಾಕೆಂದರೆ ಅಂಥ ಕಾಗದವನ್ನು ನಾನು ಕಣ್ಣಿನಿಂದ ನೋಡಿದವಳಲ್ಲ, ಬರಿ ಕೇಳಿದ್ದೆ. ಮನೆಮನೆಗೆ ಫೋನು ಬರುವ ಮೊದಲು ನಮ್ಮ ಕಡೆ ಸಾವಿನ ಸುದ್ದಿ ಪೋಸ್ಟ್ ಕಾರ್ಡಿನಲ್ಲಿ ಬರುತ್ತಿತ್ತು. ಬರೆದವರು ಅದರ ಒಂದು ಮೂಲೆ ಹರಿದು ಡಬ್ಬಿಗೆ ಹಾಕುತ್ತಿದ್ದರು. ಓದು ಬಾರದವರಿಗೂ ಕೈಗೆ ಬಂದ ಕೂಡಲೇ ಗೊತ್ತಾಗಬೇಕು ಎಂದು. ಅಂಥ ಕಾರ್ಡನ್ನು ಮನೆಯೊಳಗೆ ಇಡುತ್ತಿರಲಿಲ್ಲ. ಓದಿಸಿ, ಹರಿದು ಹೊರಗೆ ಎಸೆದು, ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದರು.

"ಹರದಿಲ್ರಿ" ಎಂದೆ. "ಮಷಿನ್‌ಲೆ ಕತ್ತರ್ಸೀನಿ. ಡಿಜೈನ್ ಅದರಿ."

"ಹರದ್ರೂ ಅಷ್ಟ, ಕತ್ತರ್ಸಿದ್ರೂ ಅಷ್ಟ. ಒಂದು ಮೂಲಿ ಇಲ್ದಿದ್ರ ಒಂದು ಹೆಣ. ನೀವು ನಾಕೂ ತಗದೀರಿ. ಎಷ್ಟು ಮಂದಿ ಸಾಯ್ಬೇಕಂತ್ರಿ ನಮ್ಮ ಮನ್ಯಾಗ?"

ಅವ್ವ ಎದ್ದು ಕೈ ಮುಗಿದಳು. "ಹುಡುಗಿಗಿ ಗೊತ್ತಿಲ್ರಿ ಯಕ್ಕಾ, ಹೊಟ್ಟ್ಯಾಗ ಹಾಕ್ಕೋರಿ" ಎಂದಳು. ಬೀಗತಿ ಕೇಳಿಸಿಕೊಳ್ಳಲಿಲ್ಲ. ಬಚ್ಚಲಿಗೆ ಹೋಗಿ, ಉಟ್ಟ ಸೀರೆಯ ಮೇಲೆಯೇ ತಂಬಿಗೆಯಿಂದ ನೀರು ಸುರಿದುಕೊಂಡಳು. ಆಮೇಲೆ ತಂಗಿಯನ್ನು ಕರೆದಳು.

ಥಂಡಿ ದಿನ. ಏಳು ತಿಂಗಳ ಬಸುರಿ. ತಂಗಿ ಬಚ್ಚಲ ಕಲ್ಲಿನ ಮೇಲೆ ಕೂತಳು, ಅತ್ತೆ ಅವಳ ತಲೆಯ ಮೇಲೆ ತಣ್ಣೀರು ಸುರಿದಳು, ಸತ್ತವರ ಮನೆಯಲ್ಲಿ ಸುರಿಯುವ ಹಾಗೆ. ಅವಳ ಗಂಡ ಬಾಗಿಲಲ್ಲಿ ನಿಂತು ಫೋನು ನೋಡುತ್ತಿದ್ದ. ಹಸಿ ಸೀರೆಯಲ್ಲಿ ಹಲ್ಲು ಕಟಕಟ ಎನ್ನುತ್ತ ತಂಗಿ ನನ್ನ ಕಡೆ ನೋಡಿದಳು. ಅತ್ತೆಯ ಕಡೆ ನೋಡಬೇಕಾದ ನೋಟ ಅದು, ನನ್ನ ಕಡೆ ಬಂತು.

"ಇಂಥಾ ಕಾಗದ ಬಂದ ಮ್ಯಾಗ ಬಸುರಿ ಹೊಸ್ತಿಲಾ ದಾಟಂಗಿಲ್ರಿ" ಎಂದು ಬೀಗತಿ ತಲೆ ಒರೆಸಿಕೊಳ್ಳುತ್ತ ಹೇಳಿದಳು. "ನಮ್ಮ ಕಡೀ ರಿವಾಜ ಅದು." ಅಂಥ ರಿವಾಜು ಯಾವ ಕಡೆಯೂ ಇಲ್ಲ. ಆಗಷ್ಟೇ ಬಚ್ಚಲಿನಲ್ಲಿ ಹುಟ್ಟಿದ ರಿವಾಜು ಅದು. ನಾವು ಖಣ ಕೊಬ್ಬರಿ ಅಲ್ಲೇ ಬಿಟ್ಟು ಬಸ್ಸು ಹತ್ತಿದೆವು.

ವಾರ ಕಳೆಯುವುದರೊಳಗೆ ಅವ್ವ ನನ್ನನ್ನೇ ಮತ್ತೆ ಕಳಿಸಿದಳು. "ಕಾಲ ಬಿದ್ದು ಬಾ, ನಿನ್ನ ಮಾನ ಏನ್ ಹೋಗಂಗಿಲ್ಲ" ಎಂದಳು. ಹೋಗುತ್ತದೆ ಎಂದು ನನಗೆ ಗೊತ್ತಿತ್ತು, ಆದರೂ ಹೋದೆ. ಹೊಸ ಕಾರ್ಡು ಮಾಡಿದ್ದೆ. ನಾಲ್ಕು ಮೂಲೆ ನೆಟ್ಟಗೆ, ನಾಲ್ಕಕ್ಕೂ ಅರಿಶಿನ. ಬೀಗತಿ ಮಧ್ಯಾಹ್ನದ ಬಿಸಿಲಿನಲ್ಲಿ ಕಟ್ಟೆಯ ಮೇಲೆ ಕೂತಿದ್ದಳು. ಕಾಲಿಗೆ ಬಿದ್ದೆ. ಆಕೆ ಕಾಲನ್ನು ಇನ್ನಷ್ಟು ಮುಂದೆ ಚಾಚಿದಳು.

"ಹಾಂ, ಇದು ಕಾರ್ಡ್ ನೋಡ್ರಿ" ಎಂದಳು. "ಗಟ್ಟಿ ಅದ." ಹಾಗೆಂದು ಅದರಿಂದಲೇ ಗಾಳಿ ಬೀಸಿಕೊಳ್ಳುತ್ತ ಕೂತಳು. ನಾನು ತಂಗಿಯ ವಿಷಯ ತೆಗೆದಾಗಲೆಲ್ಲ ಕಾರ್ಡು ಜೋರಾಗಿ ಅಲ್ಲಾಡುತ್ತಿತ್ತು. "ತೊಗರಿ ರಾಶಿ ಮುಗೀಲ್ರಿ, ಆಮ್ಯಾಗ ನೋಡೋಣು" ಎಂಬುದು ಉತ್ತರ.

ಒಳಗೆ ತಂಗಿ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ರೊಟ್ಟಿಯ ರಾಶಿ ಮೊಣಕಾಲಿನಷ್ಟು ಎತ್ತರ. ಅವಳ ಕಾಲು ನೋಡಿದೆ. ಬಾತು, ಮಿರಿಮಿರಿ ಎನ್ನುತ್ತಿದ್ದವು. ಗೆಜ್ಜೆ ಬಿಚ್ಚಿ ಗೂಟಕ್ಕೆ ಹಾಕಿದ್ದಳು, ಕಾಲಿಗೆ ಹಿಡಿಸುತ್ತಿರಲಿಲ್ಲವಂತೆ. ಮುಖವೂ ಊದಿತ್ತು. ಹೊರಗೆ ಬಂದು, "ಕಾಲು ಭಾಳ ಬಾತಾವ್ರಿ, ದವಾಖಾನಿಗಿ ತೋರಸ್ರಿ" ಎಂದೆ.

ಬೀಗತಿ ಕಾರ್ಡು ಬೀಸುವುದನ್ನು ನಿಲ್ಲಿಸಿದಳು. "ಬಸುರಿ ಕಾಲು ಬಾಯ್ತಾವ್ರಿ. ನಿಮಗೇನ್ ಗೊತ್ತು?"

ಕಟ್ಟೆಯ ಮೇಲೆ ಕೂತಿದ್ದ ಇನ್ನಿಬ್ಬರು ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಒಳಗೆ ರೊಟ್ಟಿಯ ಸಪ್ಪಳ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಆ ಹೆಂಗಸರ ಮುಖ ನನಗೆ ನೆನಪಿಲ್ಲ, ನಗೆ ನೆನಪಿದೆ.

ತಿಂಗಳೊಪ್ಪತ್ತು ಕಳೆದ ಮೇಲೆ ಒಂದು ಮುಂಜಾನೆ ತಂಗಿಯ ಗಂಡನ ಫೋನು ಬಂತು. ತಂಗಿಗೆ ಫಿಟ್ಸ್ ಬಂದಿತ್ತು. ಅಫಜಲಪುರಕ್ಕೆ ಒಯ್ದಿದ್ದರು, ಅಲ್ಲಿಂದ ಕಲಬುರಗಿಗೆ ಕಳಿಸಿದ್ದರು. ನಾನೂ ಅವ್ವನೂ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಿಪಿ ಏರಿ ಬಹಳ ದಿನ ಆಗಿದೆ, ಯಾರೂ ನೋಡಿಲ್ಲವೇ ಎಂದು ಡಾಕ್ಟರು ಬೈಯುತ್ತಿದ್ದರು. ತಂಗಿ ಉಳಿದಳು. ಮಗು ಹೊಟ್ಟೆಯಲ್ಲೇ ಹೋಗಿತ್ತು. ಗಂಡು.

ವಾರ್ಡಿನ ಹೊರಗೆ ಬೆಂಚಿನ ಮೇಲೆ ಬೀಗತಿ ಕೂತು ಬಂದವರಿಗೆಲ್ಲ ಹೇಳುತ್ತಿದ್ದಳು. "ಕಾರ್ಡ್ ಕೈಯಾಗ ಹಿಡದಾಗೇ ನನಗ ಗೊತ್ತಾಗಿತ್ರಿ. ನಾ ಅವತ್ತೇ ಅಂದೀನಿ." ಡಾಕ್ಟರು ಬೈದದ್ದನ್ನು ಕೇಳಿದವರೂ ಆಕೆಯ ಮಾತಿಗೆ ತಲೆ ಆಡಿಸುತ್ತಿದ್ದರು. ಬಿಪಿ ಎಂಬುದು ಯಾರಿಗೂ ಬೇಡವಾಗಿತ್ತು. ಕಾರ್ಡಿನ ಕಥೆ ಅದಕ್ಕಿಂತ ಚೆಂದ ಇತ್ತು.

"ಕೂಸು ಸತ್ತಿದ್ದು ಕಾರ್ಡಿನಿಂದ ಅಲ್ರಿ" ಎಂದು ಕೂಗಿದೆ. "ನಿಮ್ಮ ರೊಟ್ಟಿಯಿಂದ ಸತ್ತದ. ಆಕಿ ಕಾಲು ಬಾತಾವ ಅಂತ ಬಂದು ಹೇಳೀನಿಲ್ಲ ನಿಮಗ? ಕಾಲಿಗಿ ಬಿದ್ದು ಹೇಳೀನಿ!"

ಅವ್ವ ಓಡಿಬಂದು ನನ್ನ ಬಾಯಿ ಮುಚ್ಚಿದಳು. ಬೀಗತಿಯ ಬಾಯಿ ಮುಚ್ಚಲು ಯಾರೂ ಬರಲಿಲ್ಲ. "ಬಾಯಿ ನೋಡ್ರಿ ಇಕೀದು" ಎಂದು ಆಕೆ ಪಕ್ಕದವರಿಗೆ ಹೇಳಿದಳು. ಪಕ್ಕದವರು ನೋಡಿದರು.

ಒಳಗೆ ತಂಗಿಯ ಹತ್ತಿರ ಕೂತೆ. ಕೈ ಹಿಡಿದೆ. ಬಹಳ ಹೊತ್ತಿನ ಮೇಲೆ ಅವಳು ಕಣ್ಣು ತೆರೆದು, ಮೇಲೆ ಫ್ಯಾನಿನ ಕಡೆ ನೋಡುತ್ತ ಕೇಳಿದಳು.

"ಅಕ್ಕಾ, ಮೂಲಿ ಯಾಕ ಕತ್ತರ್ಸಿದಿ?"

ಹೇಳಿದೆ. ಡೈ ಹಾಗಿತ್ತು, ಚೆಂದ ಕಾಣಲಿ ಎಂದು ಹೊಡೆದೆ, ನಿನ್ನ ಬಿಪಿ ಏರಿತ್ತು, ಡಾಕ್ಟರ್ ಏನಂದರು ಕೇಳು. ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡಳು. ಆಮೇಲೆ ಕೈ ಬಿಡಿಸಿಕೊಂಡಳು.

"ನನಗ ಮೊದಲ ಲಗ್ನ ಆತಂತ ನಿನಗ ಹೊಟ್ಟಿಕಿಚ್ಚಿತ್ತು. ಎಲ್ಲಾರೂ ಅಂತಿದ್ರು. ನಾ ನಂಬಿದ್ದಿಲ್ಲ."

ಜಡೆ ಹಾಕಿ ಬೆಳೆಸಿದ ಹುಡುಗಿ. ಅವಳ ಮದುವೆಯ ದಿನ ಊರವರ ಮಾತನ್ನೆಲ್ಲ ನುಂಗಿಕೊಂಡು ಊಟದ ಪಂಕ್ತಿಯಲ್ಲಿ ಹುಗ್ಗಿ ಬಡಿಸಿದವಳು ನಾನು. ಅಳು ಬರಲಿಲ್ಲ, ಸಿಟ್ಟು ಬಂತು. ನೋವಿನಲ್ಲಿ ಬಿದ್ದವಳ ಮೇಲೆ ಸಿಟ್ಟು ತೋರಿಸಲು ಬರುವುದಿಲ್ಲ ಎಂದು ಎದ್ದು ಹೊರಗೆ ಬಂದೆ.

ಸುದ್ದಿ ಆಳಂದಕ್ಕೆ ನಮಗಿಂತ ಮೊದಲೇ ಮುಟ್ಟಿತ್ತು. ಮುಖದ ಮೇಲೆ ಯಾರೂ ಏನೂ ಅನ್ನಲಿಲ್ಲ. ಮದುವೆ ಕಾರ್ಡು ಮಾಡಲು ಹೇಳಿದ್ದವರು "ಹುಡುಗನ ಕಡ್ಯಾವ್ರು ಪ್ರೆಸ್ಸಿನಾಗ ಮಾಡ್ಸಾಕತ್ಯಾರ್ರಿ" ಎಂದರು. ಗೃಹಪ್ರವೇಶದವರು ವಾಟ್ಸಾಪಿನಲ್ಲೇ ಕಳಿಸುತ್ತೇವೆ ಎಂದರು. ಕಾರ್ಡು ಒಯ್ಯಲು ಬಂದವಳೊಬ್ಬಳು ಹೊಸ್ತಿಲ ಹೊರಗೇ ನಿಂತು, ಒಂದೊಂದೇ ಕಾರ್ಡಿನ ಮೂಲೆ ಮುಟ್ಟಿ ಮುಟ್ಟಿ ನೋಡಿಕೊಂಡಳು. ಈದ್ ಕಾರ್ಡು ಹೇಳುವುದನ್ನು ಬಿಡದವಳು ಟೇಲರ್ ಖಾಲಾ ಒಬ್ಬಳೇ. "ನಮ್ ಕಾರ್ಡಿಗಿ ಮೂಲಿ ಗೋಲ್ ಕಾಟೋ ಬೇಟಾ, ಅಚ್ಛಾ ದಿಖ್ತಾ" ಎಂದಳು. ದುಂಡಗೆ ಕತ್ತರಿಸಲು ನನಗೆ ಕೈ ಏಳಲಿಲ್ಲ, ನೆಟ್ಟಗೇ ಬಿಟ್ಟೆ.

ಎರಡು ವರ್ಷದ ಮೇಲೆ ತಂಗಿ ಮತ್ತೆ ಬಸುರಾದಳು. ಈ ಸಲ ಡಾಕ್ಟರು ಮೊದಲ ತಿಂಗಳಿನಿಂದಲೇ ಕಟ್ಟುನಿಟ್ಟು ಮಾಡಿದ್ದರು. ಬೀಗತಿಯೂ ಹೆದರಿದ್ದಳು, ಎರಡನೆಯದಕ್ಕೂ ಹಾಗಾದರೆ ಹೇಳಲು ಕಾರ್ಡು ಇರಲಿಲ್ಲವಲ್ಲ. ತಾನೇ ಫೋನು ಮಾಡಿ ಕರಕೊಂಡು ಹೋಗಿರಿ ಎಂದಳು. ಅವ್ವ ತಗಡಿನ ಪತ್ರಾಸು ಪೆಟ್ಟಿಗೆಯಿಂದ ಹಳೆಯ ಸೀರೆಗಳನ್ನು ತೆಗೆದು ಕೂಸಿಗೆ ಹಾಸಲು ಹರಿಯತೊಡಗಿದಳು. ನಾನು ಪಡಸಾಲೆಯ ಮೇಜು ಸರಿಸಿ, ಬಾಣಂತಿಯ ಮಂಚಕ್ಕೆ ಜಾಗ ಮಾಡಿದೆ. ಎಷ್ಟೇ ಸಿಟ್ಟಿದ್ದರೂ ನನಗೆ ಬೇಕಾಗಿದ್ದುದು ಅದೊಂದೇ ಆಗಿತ್ತು: ಅವಳು ಮನೆಗೆ ಬರಬೇಕು.

ಅವಳು ಬರಬೇಕಾಗಿದ್ದ ವಾರವೇ ತಂಗಿಯ ಫೋನು ಬಂತು. ಅವ್ವನಿಗೆ ಕಿವಿ ಸ್ವಲ್ಪ ಮಂದ, ಫೋನನ್ನು ಜೋರು ಮಾಡಿಯೇ ಮಾತಾಡುತ್ತಾಳೆ.

"ಅವ್ವಾ, ನಾ ಬರ್ತೇನಿ. ಆದ್ರ ಅಕ್ಕ ಮನ್ಯಾಗ ಇರಬಾರ್ದು. ಆಕಿ ಇದ್ರ ನಾ ಬರಂಗಿಲ್ಲ, ಇಲ್ಲೇ ಸಾಯ್ತೇನಿ."

"ನಿಮ್ಮತ್ತಿ ಅಂದ್ಳೇನ?"

"ಅತ್ತಿ ಅಂದಿಲ್ಲ. ನಾ ಅನ್ನಾಕತ್ತೇನಿ."

ಅವ್ವ ನನ್ನ ಕಡೆ ನೋಡಿದಳು, ನಾನು ಕೇಳಿಸಿಕೊಂಡೆ ಎಂದು ಅವಳಿಗೆ ಗೊತ್ತಿತ್ತು. ಫೋನಿಗೆ "ಆತು ಬಾ" ಎಂದಳು. ನನ್ನನ್ನು ಒಂದು ಮಾತು ಕೇಳಲಿಲ್ಲ. ನನ್ನ ಕಪಾಟು ತೆಗೆದು ಬಟ್ಟೆ ಮಡಿಸತೊಡಗಿದಳು.

"ನೀನೂ ನಂಬ್ತೀಯೇನವ್ವಾ?"

"ನಾ ನಂಬಂಗಿಲ್ಲ. ಆಕಿ ನಂಬ್ಯಾಳಲ್ಲ ಬೇ. ಹೆದರಿಕಿಲೆ ಮತ್ತ ಬಿಪಿ ಏರಿದ್ರ?"

"ಮತ್ತ ನಾ ಎಲ್ಲಿ ಹೋಗ್ಲಿ?"

"ನಿಂದೇನ್, ಒಂಟಿ ಜೀವ. ಎಲ್ಲಿ ಇದ್ರೂ ನಡೀತದ. ಮೂರು ತಿಂಗಳಿನ ಮಾತು."

ಕೂಗಾಡಬಹುದಾಗಿತ್ತು. ಇದು ನನ್ನ ಮನೆ, ಬಾಡಿಗೆ ಕಟ್ಟುವವಳು ನಾನು ಎನ್ನಬಹುದಾಗಿತ್ತು. ಅಂದಿದ್ದರೆ ತಂಗಿ ಬರುತ್ತಿರಲಿಲ್ಲ, ಅತನೂರಿನ ಒಲೆಯ ಮುಂದೆಯೇ ಕೂತಿರುತ್ತಿದ್ದಳು. ಸುಮ್ಮನೆ ಮಷೀನನ್ನು ಗೋಣಿಚೀಲದಲ್ಲಿ ಸುತ್ತಿದೆ. ಟೇಲರ್ ಖಾಲಾನ ತಂಗಿಯದು ಜೇವರ್ಗಿಯಲ್ಲಿ ಮನೆ, ಮೇಲೊಂದು ಕೋಣೆ ಖಾಲಿ ಇತ್ತು. ಶಾಲೆಗೆ ರಜೆ ಚೀಟಿ ಬರೆದುಕೊಟ್ಟು ಅಲ್ಲಿಗೆ ಹೋದೆ. ಓಣಿಯಲ್ಲಿ ಅವ್ವ "ದೊಡ್ಡಾಕಿಗಿ ಜೇವರ್ಗ್ಯಾಗ ಟ್ರೇನಿಂಗ್ ಅದ" ಎಂದು ಹೇಳಿದ್ದಳಂತೆ. ಅಷ್ಟು ಚೆನ್ನಾಗಿ ಸುಳ್ಳು ಹೇಳುತ್ತಾಳೆಂದು ನನಗೆ ಗೊತ್ತಿರಲಿಲ್ಲ.

ಅಲ್ಲಿ ಮಷೀನು ಚೀಲದಿಂದ ತೆಗೆಯಲಿಲ್ಲ. ಬಸ್ ನಿಲ್ದಾಣದ ಕಡೆ ಕಿಟಕಿ, ನೆಲೋಗಿಗೆ ಕಲಬುರಗಿಗೆ ಹೋಗುವ ಬಸ್ಸುಗಳ ಕೂಗು ಕೇಳುತ್ತಿತ್ತು. ದಿನಾ ಮುಂಜಾನೆ ಅವ್ವನಿಗೆ ಫೋನು ಮಾಡುತ್ತಿದ್ದೆ. ತಂಗಿ ಪಕ್ಕದಲ್ಲಿದ್ದರೆ ಅವ್ವ ನನ್ನೊಡನೆ ಯಾರೋ ಪರಕೀಯರ ಸಂಗಡ ಮಾತಾಡಿದ ಹಾಗೆ "ಹೌದ್ರಿ, ಆರಾಮ ಅದೀವ್ರಿ" ಎಂದು ಇಟ್ಟುಬಿಡುತ್ತಿದ್ದಳು. ಹೆತ್ತವಳು ನನಗೆ ರೀ ಹಚ್ಚಿ ಮಾತಾಡಿದ್ದು ಆ ದಿನಗಳಲ್ಲಿ ಮಾತ್ರ.

ಹೆರಿಗೆ ಸುಸೂತ್ರವಾಯಿತು. ಅದು ನನಗೆ ತಿಳಿದದ್ದು ಅವ್ವನ ವಾಟ್ಸಾಪ್ ಸ್ಟೇಟಸ್ ನೋಡಿ. ಕೆಂಪಗಿನ ಒಂದು ಹೆಣ್ಣು ಕೂಸು, ಅವ್ವನ ಹಳೆಯ ಸೀರೆಯ ತುಂಡಿನಲ್ಲಿ. ಕೋಣೆಯಲ್ಲಿ ಒಬ್ಬಳೇ ನಿಂತು ಫೋನನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಸಂತೋಷ ಆಯಿತು. ಅದನ್ನು ಸುಳ್ಳು ಹೇಳುವುದಿಲ್ಲ, ಬಹಳ ಸಂತೋಷ ಆಯಿತು. ಕೆಳಗೆ ಇಳಿದು ಹೋಗಿ ಖಾಲಾನ ತಂಗಿಗೆ ಪೇಢೆ ಕೊಟ್ಟು ಬಂದೆ.

ತೊಟ್ಟಿಲು ಕಾರ್ಯ ಮುಗಿದ ಸಂಜೆ ಅವ್ವ ತಾನಾಗಿಯೇ ಫೋನು ಮಾಡಿದಳು. ತಂಗಿ ಮಲಗಿದ್ದಳೆಂದು ಕಾಣುತ್ತದೆ, ಏಕವಚನದಲ್ಲೇ ಮಾತಾಡಿದಳು. ದನಿಯಲ್ಲಿ ಎಷ್ಟೋ ವರ್ಷದಿಂದ ಕೇಳದ ಹುರುಪು. ಕೂಸು ಅಪ್ಪನ ಹಾಗೆ ಅದ, ಮೂಗು ಮಾತ್ರ ನಮ್ಮ ಕಡೀದು, ಮಂದಿ ಭಾಳ ಬಂದಿದ್ರು, ಬೀಗತಿ ಬಂಗಾರದ ಗುಂಡು ಹಾಕಿದಳು, ಪ್ರೆಸ್ಸಿನ ಕಾರ್ಡು ಎಲ್ಲರಿಗೂ ಸೇರಿದವು. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು.

"ಎಲ್ಲಾ ದೇವರು ನಡಿಸಿಕೊಟ್ಟ ನೋಡು ಬೇ" ಎಂದಳು. "ನೀ ಇಲ್ದಿದ್ದಕ್ಕ ಎಲ್ಲಾ ಬರೋಬ್ಬರಿ ಆತು."

ತಾನು ಏನಂದೆ ಎಂಬುದು ಅವ್ವನಿಗೆ ತಿಳಿಯಲೂ ಇಲ್ಲ. ಹಿಂದೆ ಕೂಸು ಅತ್ತಿತು. ಬಾಣಂತಿಗೆ ಸಜ್ಜಕ ಕಾಸುವ ಹೊತ್ತಾಯಿತು, ಇಡುತ್ತೇನೆ ಎಂದಳು. ಇಡುವ ಮೊದಲು ಕೇಳಿದಳು.

"ಊಟ ಆತೇನ್ ನಿಂದು?"

"ಆತ್ರಿ" ಎಂದೆ.